ಒಂದು ಸರ್ವೆ ನಂಬರು, ಹಲವು ಕಾನೂನು



ಇಂಧನ, ಪರಿಸರ ಮತ್ತು ಭೂಬಳಕೆಯ ಕಾನೂನಿನಲ್ಲಿ ವಿದ್ವಾಂಸರ ಕೆಲಸವೇನು ಎಂಬ ವಿಷಯವನ್ನು ಈ ವರ್ಷದ ದತ್ತಿ ಉಪನ್ಯಾಸಕ್ಕೆ ಆರಿಸಿಕೊಂಡಿದ್ದೇನೆ. ಕಾನೂನು ಕಾಲೇಜಿನಲ್ಲಿ ಇವು ಬೇರೆ ಬೇರೆ ಪತ್ರಿಕೆಗಳು. ಸರ್ಕಾರದಲ್ಲಿ ಬೇರೆ ಬೇರೆ ಇಲಾಖೆಗಳು. ದೇವನಹಳ್ಳಿ, ದೊಡ್ಡಬಳ್ಳಾಪುರ, ಹೊಸಕೋಟೆ, ನೆಲಮಂಗಲ ಎಂಬ ನಾಲ್ಕು ತಾಲ್ಲೂಕುಗಳ ನಮ್ಮ ಜಿಲ್ಲೆಯ ರೈತರೊಬ್ಬರ ಎರಡು ಎಕರೆ ಜಮೀನಿನ ಮೇಲೆ ಮಾತ್ರ ಇವೆಲ್ಲವೂ ಒಟ್ಟಿಗೆ ಬಂದು ಕೂರುತ್ತವೆ. ಕಚೇರಿಗಳು ಬಿಡಿಬಿಡಿಯಾಗಿ ಓದುವ ಕಾನೂನುಗಳನ್ನು ಆ ಜಮೀನಿನ ಮೇಲೆ ನಿಂತು ಕೂಡಿಸಿ ಓದಬೇಕು; ಓದಿದ್ದನ್ನು ಜಮೀನಿನವರಿಗೆ ತಿಳಿಯುವಂತೆ ಹೇಳಬೇಕು. ಈ ಕ್ಷೇತ್ರದ ವಿದ್ವತ್ತಿಗೆ ಇದಕ್ಕಿಂತ ದೊಡ್ಡ ಕೆಲಸವಿಲ್ಲ ಎಂಬುದು ನನ್ನ ನಂಬಿಕೆ. ಆ ನಂಬಿಕೆಗೆ ಆಧಾರವೇನು ಎಂಬುದನ್ನು ಇಲ್ಲಿಯ ಉದಾಹರಣೆಗಳಿಂದಲೇ ನಿಮ್ಮ ಮುಂದಿಡುತ್ತೇನೆ.

ಹೊಸ ಕ್ಷೇತ್ರ, ಅದನ್ನು ಕಟ್ಟಿದವರು

ಪರಿಸರ ಕಾನೂನು ನಮ್ಮಲ್ಲಿ ಹಳೆಯದಲ್ಲ. ಜಲಮಾಲಿನ್ಯ ನಿಯಂತ್ರಣ ಕಾಯ್ದೆ ಬಂದದ್ದು 1974ರಲ್ಲಿ. ಅದೇ ವರ್ಷ ಸೆಪ್ಟೆಂಬರಿನಲ್ಲಿ ನಮ್ಮ ರಾಜ್ಯದ ಮಾಲಿನ್ಯ ನಿಯಂತ್ರಣ ಮಂಡಳಿ ಹುಟ್ಟಿತು. 1976ರ ನಲವತ್ತೆರಡನೇ ತಿದ್ದುಪಡಿ ಸಂವಿಧಾನಕ್ಕೆ ಪರಿಸರ ರಕ್ಷಣೆಯ 48-ಎ ವಿಧಿಯನ್ನೂ 51-ಎ(ಜಿ) ಎಂಬ ಮೂಲಭೂತ ಕರ್ತವ್ಯವನ್ನೂ ಸೇರಿಸಿತು. 1981ರಲ್ಲಿ ವಾಯುಮಾಲಿನ್ಯ ಕಾಯ್ದೆ ಬಂತು. 1984ರ ಡಿಸೆಂಬರಿನಲ್ಲಿ ಭೋಪಾಲ ದುರಂತ ನಡೆಯಿತು. 1986ರಲ್ಲಿ ಪರಿಸರ ಸಂರಕ್ಷಣಾ ಕಾಯ್ದೆ ಜಾರಿಗೆ ಬಂತು. ಅಂದರೆ ಈ ಕಾನೂನನ್ನು ಮೊದಲ ಬಾರಿಗೆ ಪಾಠ ಮಾಡಿದವರಿಗೆ ಪಾಠ ಹೇಳಿಕೊಟ್ಟ ಗುರುಗಳೇ ಇರಲಿಲ್ಲ. ತಾವೇ ಓದಿಕೊಂಡು, ತಾವೇ ಪಠ್ಯ ಕಟ್ಟಿಕೊಂಡು ತರಗತಿಗೆ ಹೋದ ಪೀಳಿಗೆ ಅದು.

ಆ ಕಟ್ಟುವಿಕೆಯ ಒಂದು ಮುಖ್ಯ ನೆಲೆ ಬೆಂಗಳೂರೇ ಆಯಿತು. 1986ರಲ್ಲಿ ಕರ್ನಾಟಕ ವಿಧಾನಮಂಡಲ ಅಂಗೀಕರಿಸಿದ ಕಾಯ್ದೆಯಿಂದ ರಾಷ್ಟ್ರೀಯ ಕಾನೂನು ಶಾಲೆ ಹುಟ್ಟಿ, ಎನ್.ಆರ್. ಮಾಧವ ಮೆನನ್ ಅವರ ನೇತೃತ್ವದಲ್ಲಿ ಬೆಳೆಯಿತು. ಕಾನೂನು ಕಲಿಕೆ ಕೋರ್ಟಿನ ಮೆಟ್ಟಿಲು ದಾಟಿ ಜನರ ನಡುವೆ ಹೋಗಬೇಕೆಂಬುದು ಮೆನನ್ ಅವರ ಹಠವಾಗಿತ್ತು. 1997ರಲ್ಲಿ ಅಲ್ಲಿ ಪರಿಸರ ಕಾನೂನಿನ ಶಿಕ್ಷಣ, ಸಂಶೋಧನೆ ಮತ್ತು ಪ್ರತಿಪಾದನೆಗೆಂದೇ 'ಸೀರಾ' ಎಂಬ ಕೇಂದ್ರ ಸ್ಥಾಪನೆಯಾಯಿತು. ಪ್ರೊ. ಎಂ.ಕೆ. ರಮೇಶ್ ಅವರು ಅಲ್ಲಿ ದೀರ್ಘಕಾಲ ಪರಿಸರ ಕಾನೂನನ್ನು ಬೋಧಿಸಿ, ಆ ಕೇಂದ್ರವನ್ನು ಮುನ್ನಡೆಸಿದರು. ಪರಿಸರ ಕಾನೂನನ್ನೇ ವೃತ್ತಿಜೀವನವಾಗಿ ಆರಿಸಿಕೊಳ್ಳಬಹುದು ಎಂಬ ಧೈರ್ಯ ಕರ್ನಾಟಕದ ತರುಣ ತರುಣಿಯರಿಗೆ ಬಂದದ್ದು ಇಂಥ ಅಧ್ಯಾಪಕರಿಂದ.

ನ್ಯಾಯಪೀಠದಲ್ಲಿ ಕುಳಿತು ವಿದ್ವತ್ತು ನಡೆಸಿದವರನ್ನೂ ಇಲ್ಲಿ ನೆನೆಯಬೇಕು. ಮಂಡ್ಯ ಜಿಲ್ಲೆ ಪಾಂಡವಪುರ ತಾಲ್ಲೂಕಿನ ಎಂಗಳಗುಪ್ಪೆಯಲ್ಲಿ ಹುಟ್ಟಿ, 1989ರಲ್ಲಿ ಭಾರತದ ಮುಖ್ಯ ನ್ಯಾಯಮೂರ್ತಿಗಳಾದ ಇ.ಎಸ್. ವೆಂಕಟರಾಮಯ್ಯನವರು ಗಂಗಾ ಮಾಲಿನ್ಯದ ಮೊಕದ್ದಮೆಯಲ್ಲಿ ಪೀಠದಲ್ಲಿದ್ದರು. ಕಾನ್ಪುರದ ಚರ್ಮ ಹದ ಮಾಡುವ ಘಟಕಗಳು ಕೊಳಚೆ ಶುದ್ಧೀಕರಣಕ್ಕೆ ತಮಗೆ ಶಕ್ತಿಯಿಲ್ಲ ಎಂದಾಗ, 1987ರ ಸೆಪ್ಟೆಂಬರಿನ ತೀರ್ಪು ಅದನ್ನು ಒಪ್ಪಲಿಲ್ಲ. ಕನಿಷ್ಠ ವೇತನ ಕೊಡಲಾಗದ ಕಾರ್ಖಾನೆ ಹೇಗೆ ನಡೆಯುವಂತಿಲ್ಲವೋ, ಪ್ರಾಥಮಿಕ ಶುದ್ಧೀಕರಣ ಘಟಕ ಹಾಕಲಾಗದ ಕಾರ್ಖಾನೆಯೂ ಹಾಗೆಯೇ ನಡೆಯುವಂತಿಲ್ಲ ಎಂಬುದು ಅದರ ಸಾರ. ಇಲ್ಲಿ ನಡೆದದ್ದೇನೆಂದು ಗಮನಿಸಿ. ಕಾರ್ಮಿಕ ಕಾನೂನಿನಲ್ಲಿ ಆಗಲೇ ನೆಲೆಗೊಂಡಿದ್ದ ತತ್ವವೊಂದನ್ನು ತಂದು ಪರಿಸರ ಕಾನೂನಿನ ಪಕ್ಕದಲ್ಲಿ ನಿಲ್ಲಿಸಲಾಯಿತು. ನಾನು ಕೂಡಿಸಿ ಓದುವುದು ಎನ್ನುತ್ತಿರುವುದು ಇದನ್ನೇ. 1988ರ ಜನವರಿಯ ಮುಂದಿನ ತೀರ್ಪಿನಲ್ಲಿ ಅದೇ ವೆಂಕಟರಾಮಯ್ಯನವರು, ಶಾಲೆಯ ಮೊದಲ ಹತ್ತು ತರಗತಿಗಳಲ್ಲಿ ವಾರಕ್ಕೆ ಒಂದು ಗಂಟೆಯಾದರೂ ಪರಿಸರದ ಪಾಠ ನಡೆಯಬೇಕೆಂದು ಹೇಳಿದರು. ತೀರ್ಪು ಬರೆದು ಮುಗಿಸಿದರೆ ಸಾಲದು, ಅದನ್ನು ಅರ್ಥ ಮಾಡಿಕೊಳ್ಳುವ ಪೀಳಿಗೆಯೂ ಬೆಳೆಯಬೇಕು ಎಂಬ ಅರಿವು ಆ ಮಾತಿನಲ್ಲಿದೆ.

ಪಹಣಿಯನ್ನು ಓದುವುದು

ಈಗ ನಮ್ಮ ಜಿಲ್ಲೆಗೆ ಬರೋಣ. ಈ ಕ್ಷೇತ್ರಕ್ಕೆ ಬರುವ ವಿದ್ಯಾರ್ಥಿ ಮೊದಲು ಕೈಗೆತ್ತಿಕೊಳ್ಳಬೇಕಾದದ್ದು ಸುಪ್ರೀಂ ಕೋರ್ಟಿನ ತೀರ್ಪಲ್ಲ, ಪಹಣಿ. ಅದರ 3ನೇ ಕಾಲಂನಲ್ಲಿ ಒಟ್ಟು ವಿಸ್ತೀರ್ಣ, ಅದರಲ್ಲಿ ಕಳೆಯುವ 'ಎ' ಖರಾಬು, 'ಬಿ' ಖರಾಬು ಇರುತ್ತವೆ. 'ಎ' ಖರಾಬು ಎಂದರೆ ಬೇಸಾಯಕ್ಕೆ ಒದಗದ ನೆಲ. 'ಬಿ' ಖರಾಬು ಎಂದರೆ ದಾರಿ, ಹಳ್ಳ, ಕಾಲುವೆಯಂಥ ಸಾರ್ವಜನಿಕ ಬಳಕೆಗೆ ಉಳಿಸಿದ ನೆಲ. ಅಲ್ಲಿ ಕಾಣುವ ನಾಲ್ಕು ಗುಂಟೆ 'ಬಿ' ಖರಾಬು ಎಷ್ಟೋ ಸಲ ಒಂದು ಕೆರೆಯಿಂದ ಇನ್ನೊಂದು ಕೆರೆಗೆ ಹರಿಯುವ ರಾಜಕಾಲುವೆಯ ತುಂಡು. ಪರಿಸರ ಕಾನೂನು ಕಾಯಬೇಕಾದ ಜಲಮಾರ್ಗ ಕಂದಾಯ ದಾಖಲೆಯಲ್ಲಿ ಒಂದು ಸಣ್ಣ ಅಂಕಿಯಾಗಿ ಕುಳಿತಿದೆ. ಆ ಅಂಕಿಯನ್ನು ಓದಲು ಬಾರದವರಿಗೆ ಕೆರೆ ಒತ್ತುವರಿಯ ಮೊಕದ್ದಮೆಯೂ ಅರ್ಥವಾಗುವುದಿಲ್ಲ.

9ನೇ ಕಾಲಂನಲ್ಲಿ ಕಬ್ಜೆದಾರರ ಹೆಸರು. 1974ರ ಭೂಸುಧಾರಣಾ ತಿದ್ದುಪಡಿಯ ನಂತರ ಎಷ್ಟೋ ಗೇಣಿದಾರರು 7ನೇ ನಮೂನೆಯ ಅರ್ಜಿ ಹಾಕಿ, ಭೂ ನ್ಯಾಯಮಂಡಳಿಯ ಮುಂದೆ ನಿಂತು ಆ ಕಾಲಂಗೆ ಬಂದರು. ಭೂಸುಧಾರಣಾ ಕಾಯ್ದೆಯ 79-ಎ ಮತ್ತು 79-ಬಿ ಕಲಮುಗಳು ಕೃಷಿಕರಲ್ಲದವರು ಸಾಗುವಳಿ ಜಮೀನು ಕೊಳ್ಳದಂತೆ ತಡೆಯೊಡ್ಡಿದ್ದವು. 2020ರಲ್ಲಿ ಅವನ್ನು ಕೈಬಿಡಲಾಯಿತು. ದೇವನಹಳ್ಳಿಯ ವಿಮಾನ ನಿಲ್ದಾಣದ ಸುತ್ತಲ ಹಳ್ಳಿಗಳಲ್ಲಿ ಆ ಒಂದು ತಿದ್ದುಪಡಿಯ ಭಾರ ಎಷ್ಟೆಂದು ಇಲ್ಲಿ ಕುಳಿತಿರುವವರಿಗೆ ನಾನು ವಿವರಿಸಬೇಕಿಲ್ಲ. 9ನೇ ಕಾಲಂಗೆ ಇನ್ನೂ ಬರದವರೂ ಇದ್ದಾರೆ. ಫಾರಂ 50, 53, 57ರಲ್ಲಿ ಸರ್ಕಾರಿ ಜಮೀನಿನ ಸಕ್ರಮಕ್ಕೆ ಅರ್ಜಿ ಹಾಕಿ ಕಾದಿರುವ ಬಗರ್‌ಹುಕುಂ ಸಾಗುವಳಿದಾರರು ಉಳುವುದು ನಿಜ, ಬೆಳೆಯುವುದು ನಿಜ. ಆದರೆ ಭೂಸ್ವಾಧೀನದ ನೋಟಿಸು ಹೆಸರು ಹಿಡಿದು ಬರುವ ದಿನ ಅವರ ಹೆಸರು ಅದರಲ್ಲಿ ಇರುವುದಿಲ್ಲ.

ಇನ್ನು 11ನೇ ಕಾಲಂ: ಹಕ್ಕು ಮತ್ತು ಋಣಗಳು. ಬ್ಯಾಂಕಿನ ಸಾಲ ಅಲ್ಲಿ ನಮೂದಾಗುತ್ತದೆ. ಕೈಗಾರಿಕಾ ಪ್ರದೇಶಾಭಿವೃದ್ಧಿ ಮಂಡಳಿಯ ಹೆಸರು ಅಲ್ಲಿ ಕಾಣಿಸಿಕೊಂಡರೆ, ಸ್ವಾಧೀನ ಪೂರ್ಣವಾಗುವ ಮೊದಲೇ ಆ ಜಮೀನಿನ ಮೇಲೆ ಹೊಸ ಸಾಲ ಹುಟ್ಟುವುದು ಕಷ್ಟ, ಭಾಗ ಮಾಡಿಕೊಳ್ಳುವುದು ಕಷ್ಟ, ಮಗಳ ಮದುವೆಗೆಂದು ಹತ್ತು ಗುಂಟೆ ಮಾರುವುದೂ ಕಷ್ಟ. ಅಂತಿಮ ಆದೇಶ ಹೊರಡುವ ಮುನ್ನವೇ ಕಾನೂನು ಕುಟುಂಬದ ಬದುಕಿನೊಳಗೆ ಕಾಲಿಟ್ಟಿರುತ್ತದೆ. ಈ ನಡುಗಾಲದ ನಷ್ಟಕ್ಕೆ ಹೆಸರಿಲ್ಲ, ಪರಿಹಾರವಿಲ್ಲ. ಅದನ್ನು ದಾಖಲಿಸುವುದು ಯಾರ ಕೆಲಸ? ನಮ್ಮದು, ಕಾನೂನು ಕಲಿಸುವವರದು.

ಎರಡು ನದಿ, ಒಂದು ಜಲಾಶಯ

ನಂದಿಬೆಟ್ಟದಲ್ಲಿ ಹುಟ್ಟುವ ಅರ್ಕಾವತಿ ದೊಡ್ಡಬಳ್ಳಾಪುರದ ಕಡೆಯಿಂದ ಇಳಿಯುತ್ತದೆ. ಶಿವಗಂಗೆಯಲ್ಲಿ ಹುಟ್ಟುವ ಕುಮುದ್ವತಿ ನೆಲಮಂಗಲ ತಾಲ್ಲೂಕನ್ನು ಹಾದು ಬರುತ್ತದೆ. ಇವೆರಡೂ ಕೂಡುವ ತಿಪ್ಪಗೊಂಡನಹಳ್ಳಿಯಲ್ಲಿ ಬೆಂಗಳೂರಿಗೆ ಕುಡಿಯುವ ನೀರು ಕೊಡಲೆಂದು 1930ರ ದಶಕದಲ್ಲಿ ಜಲಾಶಯ ಕಟ್ಟಿದರು. ಆ ಜಲಾನಯನ ಪ್ರದೇಶವನ್ನು ಉಳಿಸಲು 2003ರ ನವೆಂಬರ್ 18ರಂದು ರಾಜ್ಯ ಸರ್ಕಾರ ಅಧಿಸೂಚನೆ ಹೊರಡಿಸಿ, ಪ್ರದೇಶವನ್ನು ವಲಯಗಳಾಗಿ ವಿಂಗಡಿಸಿ, ಜಲಾಶಯಕ್ಕೂ ನದಿಪಾತ್ರಗಳಿಗೂ ಹತ್ತಿರವಾದ ಕಡೆ ಕಟ್ಟಡ, ಕೈಗಾರಿಕೆಗಳ ಮೇಲೆ ಬಿಗಿಯಾದ ನಿರ್ಬಂಧ ಹಾಕಿತು. 2019ರಲ್ಲಿ ಆ ನಿರ್ಬಂಧಗಳು ಸಡಿಲಗೊಂಡವು.

ಇದಕ್ಕೆ ಹೊಂದುವ ಮೊಕದ್ದಮೆಯೊಂದು ಪಕ್ಕದ ರಾಜ್ಯದಲ್ಲಿ ನಡೆದಿದೆ. ಹೈದರಾಬಾದಿನ ಹಿಮಾಯತ್ ಸಾಗರ ಮತ್ತು ಉಸ್ಮಾನ್ ಸಾಗರಗಳ ಸುತ್ತ 10 ಕಿಲೋಮೀಟರ್ ಒಳಗೆ ಮಾಲಿನ್ಯಕಾರಕ ಕೈಗಾರಿಕೆ ಬೇಡ ಎಂದು ಸರ್ಕಾರವೇ ಹೇಳಿ, ಆಮೇಲೆ ಒಂದು ಕಾರ್ಖಾನೆಗೆ ತಾನೇ ವಿನಾಯಿತಿ ಕೊಟ್ಟಿತ್ತು. ಆಂಧ್ರಪ್ರದೇಶ ಮಾಲಿನ್ಯ ನಿಯಂತ್ರಣ ಮಂಡಳಿ ಮತ್ತು ಪ್ರೊ. ಎಂ.ವಿ. ನಾಯುಡು ನಡುವಿನ ಆ ಪ್ರಕರಣದಲ್ಲಿ ಸುಪ್ರೀಂ ಕೋರ್ಟು 1999ರಲ್ಲಿ ಮುನ್ನೆಚ್ಚರಿಕೆಯ ತತ್ವವನ್ನು ವಿಸ್ತಾರವಾಗಿ ವಿವರಿಸಿತು. 2000ದ ಡಿಸೆಂಬರಿನಲ್ಲಿ ವಿನಾಯಿತಿಯನ್ನು ತಳ್ಳಿಹಾಕಿತು. ತೀರ್ಪು ಬರೆದ ನ್ಯಾಯಮೂರ್ತಿ ಎಂ. ಜಗನ್ನಾಥ ರಾವ್ ಅವರು ಪರಿಸರದ ಮೊಕದ್ದಮೆಗಳಲ್ಲಿ ನ್ಯಾಯಾಧೀಶರ ಜೊತೆ ವಿಜ್ಞಾನ ಬಲ್ಲವರೂ ಕೂರಬೇಕು ಎಂದರು. ಮುಂದೆ ಅವರೇ ಕಾನೂನು ಆಯೋಗದ ಅಧ್ಯಕ್ಷರಾಗಿದ್ದಾಗ 2003ರಲ್ಲಿ 186ನೇ ವರದಿ ಬಂತು. 2010ರಲ್ಲಿ ರಾಷ್ಟ್ರೀಯ ಹಸಿರು ನ್ಯಾಯಾಧಿಕರಣದ ಕಾಯ್ದೆಯಾಯಿತು. ಒಂದು ತೀರ್ಪಿನ ಮಾತು ಸಂಸ್ಥೆಯಾಗಿ ನಿಲ್ಲಲು ಹತ್ತು ವರ್ಷಕ್ಕೂ ಮಿಕ್ಕಿ ಹಿಡಿಯಿತು. ವಿದ್ವತ್ತಿಗೆ ತಾಳ್ಮೆ ಬೇಕು ಎನ್ನುವುದು ಇದಕ್ಕೇ.

ನಮ್ಮಲ್ಲಿ ಹೈಕೋರ್ಟು ಕೂಡ ಹಿಂದೆ ಬೀಳಲಿಲ್ಲ. 2008ರ ರಿಟ್ ಅರ್ಜಿಯೊಂದರ ಮೇಲೆ ನ್ಯಾಯಮೂರ್ತಿ ಎನ್.ಕೆ. ಪಾಟೀಲರ ಸಮಿತಿ ರಚಿಸಿ, 2012ರ ಏಪ್ರಿಲ್‌ನಲ್ಲಿ ಕೆರೆಗಳ ರಕ್ಷಣೆಗೆ ಆದೇಶ ನೀಡಿತು. ಕಾನೂನು ಇಲ್ಲವೆಂದಲ್ಲ, ಇದೆ. ಹಾಗಿದ್ದರೆ ದೊಡ್ಡಬಳ್ಳಾಪುರದ ಚಿಕ್ಕತುಮಕೂರು, ದೊಡ್ಡತುಮಕೂರು ಕೆರೆಗಳ ಜನ ಬಾಶೆಟ್ಟಿಹಳ್ಳಿ ಕೈಗಾರಿಕಾ ಪ್ರದೇಶದ ತ್ಯಾಜ್ಯವೂ ಪಟ್ಟಣದ ಕೊಳಚೆಯೂ ತಮ್ಮ ಕೆರೆಗೆ ಸೇರುತ್ತಿವೆ ಎಂದು ವರ್ಷಗಟ್ಟಲೆ ಕೂಗುತ್ತಿರುವುದೇಕೆ? ಕೈಗಾರಿಕಾ ಪ್ರದೇಶಕ್ಕೆ ಜಾಗ ಗುರುತಿಸಿದ ಕಾನೂನು ಆ ಜಾಗದ ಇಳಿಜಾರು ಯಾವ ಕೆರೆಗೆ ಹೋಗುತ್ತದೆಂದು ಕೇಳಲಿಲ್ಲ. ಮಾಲಿನ್ಯ ಮಂಡಳಿಯ ಸಮ್ಮತಿ ಪತ್ರ ಒಂದೊಂದು ಕಾರ್ಖಾನೆಯನ್ನು ಒಂಟಿಯಾಗಿ ನೋಡಿತು. ಎಲ್ಲ ಕಾರ್ಖಾನೆ ಮತ್ತು ಪಟ್ಟಣ ಸೇರಿ ಒಂದು ಕೆರೆಗೆ ಏನು ಮಾಡುತ್ತವೆ ಎಂದು ನೋಡಲಿಲ್ಲ. ಕೆರೆ ಯಾವ ಇಲಾಖೆಯದೆಂಬ ಪ್ರಶ್ನೆಗೆ ಇನ್ನೊಂದು ಕಡತ. ಪ್ರತಿ ಕಚೇರಿಯೂ ತನ್ನ ಕಾನೂನನ್ನು ಪಾಲಿಸಿದ್ದೇನೆ ಎಂದು ಹೇಳಬಹುದು. ಕೆರೆಯ ನೀರು ಮಾತ್ರ ದನಕ್ಕೂ ಕುಡಿಸಲಾಗದು ಎಂದು ಊರಿನವರು ಹೇಳುತ್ತಾರೆ.

ವಿದ್ಯುತ್ತು ಎಂಬ ನೆಲದ ಪ್ರಶ್ನೆ

ಇಂಧನ ಕಾನೂನೆಂದರೆ ಬೆಸ್ಕಾಂ ಬಿಲ್ಲು, ದರ ಪರಿಷ್ಕರಣೆ ಇಷ್ಟೇ ಎಂದು ಬಹಳ ಜನ ತಿಳಿದಿದ್ದಾರೆ. ನಮ್ಮ ಜಿಲ್ಲೆಯಲ್ಲಿ ಅದು ಮೊದಲಿಗೆ ನೆಲದ ಪ್ರಶ್ನೆ, ಆಮೇಲೆ ನೀರಿನ ಪ್ರಶ್ನೆ.

ನೆಲಮಂಗಲದಲ್ಲಿ 400 ಕೆ.ವಿ. ವಿದ್ಯುತ್ ಕೇಂದ್ರವಿದೆ. ಆ ಮಟ್ಟದ ವಿದ್ಯುತ್ ಮಾರ್ಗವೊಂದು ಹಾದುಹೋದರೆ ಅದರ ಕೆಳಗೆ ಸುಮಾರು 46 ಮೀಟರ್ ಅಗಲದ ಪಟ್ಟಿಯಲ್ಲಿ ಮನೆ ಕಟ್ಟುವಂತಿಲ್ಲ, ತೆಂಗು, ಮಾವು ಬೆಳೆಸುವಂತಿಲ್ಲ. 2003ರ ವಿದ್ಯುಚ್ಛಕ್ತಿ ಕಾಯ್ದೆಯ 164ನೇ ಕಲಮು 1885ರ ಟೆಲಿಗ್ರಾಫ್ ಕಾಯ್ದೆಯ ಅಧಿಕಾರವನ್ನು ಎರವಲು ಪಡೆಯಲು ಅವಕಾಶ ಕೊಡುತ್ತದೆ. ಹಾಗಾಗಿ ಇಲ್ಲಿ ಭೂಸ್ವಾಧೀನವಿಲ್ಲ. ಪಹಣಿ ರೈತರ ಹೆಸರಿನಲ್ಲೇ ಇರುತ್ತದೆ, ಬಳಕೆ ಕುಗ್ಗುತ್ತದೆ. 2015ರಲ್ಲಿ ಕೇಂದ್ರದ ಮಾರ್ಗಸೂಚಿ ಗೋಪುರದ ತಳಕ್ಕೆ ಜಮೀನಿನ ಮೌಲ್ಯದ ಶೇ. 85, ತಂತಿ ಹಾಯುವ ಪಟ್ಟಿಗೆ ಗರಿಷ್ಠ ಶೇ. 15 ಪರಿಹಾರ ಎಂದಿತು. 2024ರ ಜೂನ್‌ನಲ್ಲಿ ಕೇಂದ್ರ ಅದನ್ನು ಶೇ. 200 ಮತ್ತು ಶೇ. 30ಕ್ಕೆ ಏರಿಸಿತು. ಒಂಬತ್ತು ವರ್ಷದಲ್ಲಿ ಇಷ್ಟು ಏರಿದ್ದು, ಮೊದಲಿನ ಲೆಕ್ಕ ಎಷ್ಟು ಕಡಿಮೆಯಿತ್ತು ಎಂಬುದನ್ನು ತಾನೇ ಹೇಳುತ್ತದೆ. ನಗರಕ್ಕೆ ಬೆಳಕು ಹರಿಯುವ ದಾರಿಯಲ್ಲಿ ಹಳ್ಳಿಯವರು ಕಳೆದುಕೊಂಡದ್ದನ್ನು ಅಳೆಯುವ ವಿದ್ವತ್ತು ಇನ್ನೂ ಬೆಳೆಯಬೇಕಿದೆ.

ನೀರಿಗೆ ಬಂದರೆ ಗಂಟು ಇನ್ನೂ ಬಿಗಿ. 1882ರ ಅನುಭೋಗದ ಹಕ್ಕುಗಳ ಕಾಯ್ದೆಯ ಕಾಲದಿಂದಲೂ ನೆಲದ ಒಡೆಯರಿಗೆ ನೆಲದಡಿಯ ನೀರನ್ನು ಎತ್ತಿಕೊಳ್ಳುವ ಹಕ್ಕಿದೆ ಎಂದು ನಂಬಿಕೊಂಡು ಬಂದಿದ್ದೇವೆ. 2008ರಿಂದ 10 ಅಶ್ವಶಕ್ತಿವರೆಗಿನ ಪಂಪ್‌ಸೆಟ್ಟುಗಳಿಗೆ ಉಚಿತ ವಿದ್ಯುತ್ ಇದೆ. 2011ರ ಅಂತರ್ಜಲ ಕಾಯ್ದೆ ಕೊಳವೆಬಾವಿಗೆ ನೋಂದಣಿ, ಅನುಮತಿ ಬೇಕೆನ್ನುತ್ತದೆ. ಒಂದು ಕಾನೂನು ಹಕ್ಕು ಕೊಡುತ್ತದೆ, ಇನ್ನೊಂದು ಧೋರಣೆ ಎತ್ತಲು ವಿದ್ಯುತ್ ಕೊಡುತ್ತದೆ, ಮೂರನೆಯದು ಎತ್ತಬೇಡಿ ಎನ್ನುತ್ತದೆ. ಫಲವಾಗಿ ನಮ್ಮ ನಾಲ್ಕೂ ತಾಲ್ಲೂಕುಗಳು ಅಂತರ್ಜಲದ ಅತಿಬಳಕೆಯ ಪಟ್ಟಿಯಲ್ಲಿವೆ. ಇದಕ್ಕೆ ರೈತರನ್ನು ದೂರುವುದು ಸುಲಭ, ಅನ್ಯಾಯ ಕೂಡ. ಉಚಿತ ವಿದ್ಯುತ್ ಕಿತ್ತುಕೊಂಡರೆ ಸಾಲದಲ್ಲಿರುವ ಸಣ್ಣ ಹಿಡುವಳಿದಾರರು ಮೊದಲು ಬೀಳುತ್ತಾರೆ. ಹಕ್ಕು, ಸಹಾಯಧನ, ನಿಯಂತ್ರಣ ಮೂರನ್ನೂ ಒಂದೇ ಮೇಜಿನ ಮೇಲಿಟ್ಟು, ಸಣ್ಣವರನ್ನು ಕಾಪಾಡುತ್ತಲೇ ನೀರನ್ನೂ ಉಳಿಸುವ ಕಾನೂನು ಹೇಗಿರಬೇಕು ಎಂದು ಬರೆಯಬಲ್ಲವರು ಬೇಕು.

ಪಕ್ಕದ ತುಮಕೂರು ಜಿಲ್ಲೆಯ ಪಾವಗಡವನ್ನೂ ನೋಡಬೇಕು. ಅಲ್ಲಿ ಸುಮಾರು 13,000 ಎಕರೆಯಲ್ಲಿ 2,050 ಮೆಗಾವಾಟ್ ಸೌರ ಪಾರ್ಕ್ ಎದ್ದಿದೆ. ಜಮೀನನ್ನು ಕೊಂಡುಕೊಳ್ಳದೆ, ಎಕರೆಗೆ ವರ್ಷಕ್ಕೆ 21,000 ರೂಪಾಯಿಯಂತೆ, ಎರಡು ವರ್ಷಕ್ಕೊಮ್ಮೆ ಶೇ. 5 ಏರಿಕೆಯೊಂದಿಗೆ ಗುತ್ತಿಗೆಗೆ ಪಡೆದರು. ಒಡೆತನ ರೈತರಲ್ಲೇ ಉಳಿಯಿತು. ಬರದ ನಾಡಿನಲ್ಲಿ ಅದು ದೊಡ್ಡ ಆಸರೆ. ಆದರೆ ಆ ಹೊಲಗಳಲ್ಲಿ ಕೂಲಿ ಮಾಡುತ್ತಿದ್ದ, ಕುರಿ ಮೇಯಿಸುತ್ತಿದ್ದ ಭೂರಹಿತರಿಗೆ ಗುತ್ತಿಗೆ ಪತ್ರದಲ್ಲಿ ಜಾಗವಿರಲಿಲ್ಲ. ಒಳ್ಳೆಯ ಕಾನೂನು ಮಾದರಿಯೂ 9ನೇ ಕಾಲಂನಲ್ಲಿ ಹೆಸರಿಲ್ಲದವರನ್ನು ಮರೆಯುತ್ತದೆ ಎಂಬುದಕ್ಕೆ ಇದು ಸಾಕ್ಷಿ.

ಚನ್ನರಾಯಪಟ್ಟಣ ಹೋಬಳಿ ಕಲಿಸಿದ ಪಾಠ

2022ರ ಆರಂಭದಲ್ಲಿ ದೇವನಹಳ್ಳಿ ತಾಲ್ಲೂಕಿನ ಚನ್ನರಾಯಪಟ್ಟಣ ಹೋಬಳಿಯ 13 ಹಳ್ಳಿಗಳ 1,777 ಎಕರೆ ಜಮೀನನ್ನು ಏರೋಸ್ಪೇಸ್ ಮತ್ತು ರಕ್ಷಣಾ ಪಾರ್ಕಿಗೆ ತೆಗೆದುಕೊಳ್ಳಲು ಕೈಗಾರಿಕಾ ಪ್ರದೇಶಾಭಿವೃದ್ಧಿ ಕಾಯ್ದೆಯಡಿ ಪ್ರಾಥಮಿಕ ಅಧಿಸೂಚನೆ ಹೊರಟಿತು. ದ್ರಾಕ್ಷಿ, ರಾಗಿ, ತರಕಾರಿ, ಹಿಪ್ಪುನೇರಳೆ, ಹೈನುಗಾರಿಕೆಯ ಸೀಮೆ ಅದು. ಏಪ್ರಿಲ್‌ನಲ್ಲಿ ರೈತರು ಧರಣಿ ಕುಳಿತರು. ಮೂರು ವರ್ಷ ದಾಟಿದರೂ ಏಳಲಿಲ್ಲ. 2025ರ ಜುಲೈ 15ರಂದು ಮುಖ್ಯಮಂತ್ರಿ ಸಿದ್ದರಾಮಯ್ಯನವರು ಸ್ವಾಧೀನ ಕೈಬಿಡುವುದಾಗಿಯೂ, ಸ್ವಇಚ್ಛೆಯಿಂದ ಕೊಡುವವರ ಜಮೀನನ್ನು ಮಾತ್ರ ಪಡೆಯುವುದಾಗಿಯೂ ಪ್ರಕಟಿಸಿದರು.

ಇದು ಕೋರ್ಟಿನ ತೀರ್ಪಿನಿಂದ ಬಂದ ಗೆಲುವಲ್ಲ ಎಂಬುದನ್ನು ಕಾನೂನಿನವರು ಗಮನಿಸಬೇಕು. 1966ರ ಆ ಕಾಯ್ದೆಯ ದಾರಿ ಹೀಗಿದೆ: 28(1)ರಲ್ಲಿ ಸ್ವಾಧೀನದ ಉದ್ದೇಶ ಪ್ರಕಟಣೆ, 28(3)ರಲ್ಲಿ ಆಕ್ಷೇಪಣೆಯ ವಿಚಾರಣೆ, 28(4)ರಲ್ಲಿ ಅಂತಿಮ ಘೋಷಣೆ, 28(5)ರಲ್ಲಿ ಜಮೀನು ಸರ್ಕಾರದ್ದು. 2013ರ ಕೇಂದ್ರ ಭೂಸ್ವಾಧೀನ ಕಾಯ್ದೆಯಲ್ಲಿರುವ ಸಾಮಾಜಿಕ ಪರಿಣಾಮ ಅಧ್ಯಯನವಾಗಲಿ, ಖಾಸಗಿ ಯೋಜನೆಗೆ ಶೇ. 80, ಸರ್ಕಾರಿ-ಖಾಸಗಿ ಸಹಭಾಗಿತ್ವಕ್ಕೆ ಶೇ. 70 ಕುಟುಂಬಗಳ ಒಪ್ಪಿಗೆಯಾಗಲಿ ಈ ದಾರಿಯಲ್ಲಿ ಸಿಗುವುದಿಲ್ಲ. ಇದೇ ಜಿಲ್ಲೆಯಲ್ಲಿ ದಾಬಸ್‌ಪೇಟೆಯಿಂದ ದೊಡ್ಡಬಳ್ಳಾಪುರ, ದೇವನಹಳ್ಳಿ, ಹೊಸಕೋಟೆಯ ಕಡೆಗೆ ಸಾಗುವ ಉಪನಗರ ವರ್ತುಲ ರಸ್ತೆಗೆ ಜಮೀನು ಹೋದದ್ದು ರಾಷ್ಟ್ರೀಯ ಹೆದ್ದಾರಿ ಕಾಯ್ದೆಯಡಿ; ಅಲ್ಲಿ ಪರಿಹಾರ ಮತ್ತು ಪುನರ್ವಸತಿಗೆ 2013ರ ಕಾಯ್ದೆಯ ನಿಯಮ ಅನ್ವಯಿಸುತ್ತದೆ. ಬದುವಿನ ಆಚೆಯವರಿಗೆ ಒಂದು ಕಾನೂನು, ಈಚೆಯವರಿಗೆ ಇನ್ನೊಂದು. ಮಣ್ಣು ಒಂದೇ, ಬೆಳೆ ಒಂದೇ, ಕಳೆದುಕೊಳ್ಳುವ ನೋವೂ ಒಂದೇ. ಈ ವ್ಯತ್ಯಾಸಕ್ಕೆ ನ್ಯಾಯದ ಸಮರ್ಥನೆ ನನಗೆ ಕಾಣುವುದಿಲ್ಲ.

ಸಾಮಾಜಿಕ ಪರಿಣಾಮ ಅಧ್ಯಯನ ಮಾಡಬೇಕಿದ್ದ ಕೆಲಸವನ್ನು ಆ 13 ಹಳ್ಳಿಗಳ ಜನ ಧರಣಿಯ ಚಪ್ಪರದಲ್ಲಿ ಮಾಡಿದರು. ಯಾರ ಜಮೀನು ಎಷ್ಟು, ಯಾವ ಬೆಳೆ, ಯಾವ ಮನೆಗೆ ಹಾಲಿನ ದುಡ್ಡೇ ಆಧಾರ, ಹಿಂದೆ ಜಮೀನು ಕೊಟ್ಟವರು ಈಗ ಎಲ್ಲಿದ್ದಾರೆ ಎಂಬುದನ್ನು ನಾಡಿಗೆ ತಿಳಿಸಿದವರು ಅವರು. ಅದನ್ನು ಕಾನೂನಿನ ಭಾಷೆಗೆ ತರಬೇಕಾದದ್ದು ವಿದ್ವತ್ತಿನ ಋಣ.

ಮುಂದಿನ ಕೆಲಸ

ಕೊನೆಯದಾಗಿ ಕಾನೂನು ಕಾಲೇಜುಗಳ ಮುಂದೆ, ವಕೀಲರ ಸಂಘಗಳ ಮುಂದೆ, ಸರ್ಕಾರದ ಮುಂದೆ ಮೂರು ಮಾತುಗಳನ್ನು ಇಡುತ್ತೇನೆ.

ಮೊದಲನೆಯದು, ಪಾಠಕ್ರಮದ ಬಗ್ಗೆ. ಪರಿಸರ ಕಾನೂನಿನ ಪ್ರತಿ ವಿದ್ಯಾರ್ಥಿಯೂ ಒಂದು ಹಳ್ಳಿಯ ಗ್ರಾಮನಕ್ಷೆ, ಹತ್ತು ಪಹಣಿ, ಆ ಭಾಗದ ಮಹಾಯೋಜನೆ, ಹತ್ತಿರದ ಒಂದು ಕಾರ್ಖಾನೆಯ ಸಮ್ಮತಿ ಪತ್ರ, ಕೆರೆಯ ಗಡಿ ಸರ್ವೆ ಇವನ್ನು ಒಟ್ಟಿಗಿಟ್ಟು ಓದಿ ವರದಿ ಬರೆಯಬೇಕು. ಆ ವರದಿಯ ಪ್ರತಿ ಗ್ರಾಮ ಪಂಚಾಯಿತಿಯಲ್ಲಿ ಉಳಿಯಬೇಕು. ಹತ್ತು ವರ್ಷ ಹೀಗೆ ನಡೆದರೆ ನಾಲ್ಕೂ ತಾಲ್ಲೂಕುಗಳ ಕಾನೂನು ಭೂಪಟ ನಮ್ಮ ಕೈಯಲ್ಲಿರುತ್ತದೆ.

ಎರಡನೆಯದು, ಭಾಷೆಯ ಬಗ್ಗೆ. 2006ರ ಪರಿಸರ ಪರಿಣಾಮ ಅಧಿಸೂಚನೆಯ ಪ್ರಕಾರ ಸಾರ್ವಜನಿಕ ಅಹವಾಲು ಸಭೆಗೆ ಮುಂಚೆ ವರದಿಯ ಸಾರಾಂಶ ಸ್ಥಳೀಯ ಭಾಷೆಯಲ್ಲಿ ಸಿಗಬೇಕು. ಪೂರ್ಣ ವರದಿ ಸಾಮಾನ್ಯವಾಗಿ ಇಂಗ್ಲಿಷಿನಲ್ಲೇ ಇರುತ್ತದೆ. ನೀರು ಎಲ್ಲಿಂದ, ಕೊಳಚೆ ಎಲ್ಲಿಗೆ ಎಂಬ ಅಧ್ಯಾಯಗಳೇ ಸಾರಾಂಶದಲ್ಲಿ ಎರಡು ಸಾಲಾಗಿ ಕುಗ್ಗಿದರೆ, ಸಭೆಗೆ ಬಂದವರು ಏನನ್ನು ಪ್ರಶ್ನಿಸಬೇಕು? ಪೂರ್ಣ ವರದಿ ಕನ್ನಡದಲ್ಲಿ ಬರುವವರೆಗೆ ಆ ಅಧ್ಯಾಯಗಳನ್ನು ಕನ್ನಡಕ್ಕೆ ತಂದು ಕೊಡುವ ಹೊಣೆಯನ್ನು ನಮ್ಮ ಕಾಲೇಜುಗಳು ಹೊರಬೇಕು. ಕನ್ನಡದಲ್ಲಿ ಕಾನೂನು ಬರೆಯುವುದನ್ನು ಬಡ್ತಿಗೆ ಲೆಕ್ಕಕ್ಕಿಲ್ಲದ ಕೆಲಸವೆಂದು ನೋಡುವುದು ನಿಲ್ಲಬೇಕು.

ಮೂರನೆಯದು, ಸರ್ಕಾರಕ್ಕೆ. 28(1)ರ ಅಧಿಸೂಚನೆಗೆ ಮುನ್ನ ಸಂಬಂಧಪಟ್ಟ ಹಳ್ಳಿಗಳ ನೀರು, ಬೆಳೆ, ವಿದ್ಯುತ್ ಮಾರ್ಗ, ಕೆರೆಸಾಲು, ಬಗರ್‌ಹುಕುಂ ಅರ್ಜಿಗಳು, ಭೂರಹಿತ ಕುಟುಂಬಗಳು ಎಲ್ಲವನ್ನೂ ಒಂದೇ ಕಡತದಲ್ಲಿ ತಂದು ಗ್ರಾಮಸಭೆಯ ಮುಂದಿಡಲಿ. 1966ರ ಕಾಯ್ದೆಗೆ ಅಂಥ ತಿದ್ದುಪಡಿ ತರಲು ರಾಜ್ಯ ವಿಧಾನಮಂಡಲಕ್ಕೆ ಅಧಿಕಾರವಿದೆ. ಮೂರು ವರ್ಷದ ಧರಣಿ, ಪೊಲೀಸು, ಬಂಧನ, ಕೊನೆಗೆ ಹಿಂತೆಗೆತ ಇವುಗಳಿಗಿಂತ ಅದು ಎಲ್ಲರಿಗೂ ಅಗ್ಗದ ದಾರಿ, ಘನತೆಯ ದಾರಿ.

ವಿದ್ಯಾರ್ಥಿ ಮಿತ್ರರೇ, ಈ ಕ್ಷೇತ್ರದಲ್ಲಿ ಬೇಗ ಹೆಸರು ಬರುವುದಿಲ್ಲ. ಕಂಪನಿಗಳ ಕಡೆ ಹೋದರೆ ಸಂಬಳ ಹೆಚ್ಚು. ಅದರ ಬಗ್ಗೆ ನಾನು ಹಗುರವಾಗಿ ಮಾತನಾಡುವುದಿಲ್ಲ, ಮನೆಯ ಜವಾಬ್ದಾರಿ ನಿಮಗೂ ಇದೆ. ಆದರೆ ಈ ಜಿಲ್ಲೆಯ ಭೂಮಿ ಮುಂದಿನ ಇಪ್ಪತ್ತು ವರ್ಷದಲ್ಲಿ ಯಾವ ರೂಪ ತಾಳುತ್ತದೆ ಎಂಬುದು ಬಹುಮಟ್ಟಿಗೆ ಕಾನೂನಿನ ಕಡತಗಳಲ್ಲಿ ತೀರ್ಮಾನವಾಗಲಿದೆ. ಆ ಕಡತಗಳನ್ನು ಪೂರ್ತಿಯಾಗಿ ಓದಬಲ್ಲ, ಓದಿ ಊರಿನ ಪರವಾಗಿ ನಿಂತು ಹೇಳಬಲ್ಲ ಒಬ್ಬರು ಪ್ರತಿ ಹೋಬಳಿಯಲ್ಲೂ ಇರಬೇಕು. ಅವರು ನಿಮ್ಮೊಳಗಿನಿಂದಲೇ ಬರಬೇಕು. ಈ ದತ್ತಿ ಅದಕ್ಕೆ ಒತ್ತಾಸೆಯಾಗಿ ನಿಂತರೆ ಅದರ ಉದ್ದೇಶ ಸಾರ್ಥಕವಾದಂತೆ.